ಸಾಂದ್ರತೆ ಅಳೆಯಲು ಯಾವ ದಾರಿ? ಜಾಡಿ, ತಕ್ಕಡಿ, ಬಾಟಲಿ, ಹೈಡ್ರೋಮೀಟರ್‌ಗಳ ಹೋಲಿಕೆ

ಸಾಂದ್ರತೆ ಅಂದರೆ ತೂಕವನ್ನು ಗಾತ್ರದಿಂದ ಭಾಗಿಸಿದಾಗ ಬರುವ ಸಂಖ್ಯೆ. ಲೆಕ್ಕ ಒಂದೇ ಸಾಲಿನದು. ತೂಕ ತಿಳಿಯುವುದೂ ಇವತ್ತು ಕಷ್ಟವಲ್ಲ. 0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಅಂಗೈಯಲ್ಲಿ ಹಿಡಿಸುತ್ತದೆ. ತಲೆನೋವೆಲ್ಲ ಗಾತ್ರದ್ದೇ. ಹಾಗಾಗಿ ಕೆಳಗಿನ ವಿಧಾನಗಳನ್ನು ಹೋಲಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಈ ವಿಧಾನ ಗಾತ್ರವನ್ನು ಹೇಗೆ ತಿಳಿಯುತ್ತದೆ? ಕಣ್ಣಿನಿಂದ ಗೆರೆ ನೋಡಿಯೋ, ತಕ್ಕಡಿಯ ಅಂಕಿ ನೋಡಿಯೋ?

ಇದು ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಅನ್ನುವುದಕ್ಕೆ ಆರ್ಕಿಮಿಡೀಸನ ಕಿರೀಟಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಸಿರಾಕ್ಯೂಸ್‌ನ ದೊರೆ ಹೀರೋನ ಕಿರೀಟದಲ್ಲಿ ಬೆಳ್ಳಿ ಬೆರೆತಿದೆಯಾ ಎಂದು ಆರ್ಕಿಮಿಡೀಸ್ ಪತ್ತೆ ಹಚ್ಚಿದ, ಪಾತ್ರೆಯಿಂದ ಹೊರಬಿದ್ದ ನೀರನ್ನು ಅಳೆದು ಹಚ್ಚಿದ ಅನ್ನುವುದು ರೋಮನ್ ಲೇಖಕ ವಿಟ್ರೂವಿಯಸ್ ಹೇಳಿದ ಕಥೆ. ಸುಮ್ನೆ ಒಂದು ಲೆಕ್ಕ ಹಾಕಿ ನೋಡೋಣ. 1 ಕಿಲೋ ಶುದ್ಧ ಚಿನ್ನದ ಗಾತ್ರ ಸುಮಾರು 51.8 ಮಿ.ಲೀ. ಅದರಲ್ಲಿ 300 ಗ್ರಾಂ ಚಿನ್ನ ತೆಗೆದು ಅಷ್ಟೇ ಬೆಳ್ಳಿ ಸೇರಿಸಿದರೆ ಗಾತ್ರ ಸುಮಾರು 64.8 ಮಿ.ಲೀ. ಆಗುತ್ತದೆ. ವ್ಯತ್ಯಾಸ 13 ಮಿ.ಲೀ. ಕಿರೀಟ ಹಿಡಿಸಬೇಕಾದರೆ ಪಾತ್ರೆಯ ಬಾಯಿ 20 ಸೆಂ.ಮೀ. ಆದರೂ ಇರಬೇಕು. ಅಷ್ಟಗಲದ ಪಾತ್ರೆಯಲ್ಲಿ 13 ಮಿ.ಲೀ. ಅಂದರೆ ನೀರಿನ ಮಟ್ಟದಲ್ಲಿ 0.4 ಮಿ.ಮೀ. ವ್ಯತ್ಯಾಸ. ಅಂಚಿನಲ್ಲಿ ನೀರು ಉಬ್ಬಿ ನಿಲ್ಲುವುದೇ ಅದಕ್ಕಿಂತ ಜಾಸ್ತಿ! ಅದೇ ಕಿರೀಟವನ್ನು ದಾರದಿಂದ ಕಟ್ಟಿ, ನೀರಿನೊಳಗೆ ಮುಳುಗಿಸಿ ತೂಗಿದರೆ? ಶುದ್ಧ ಚಿನ್ನಕ್ಕೂ ಕಲಬೆರಕೆಗೂ 13 ಗ್ರಾಂ ವ್ಯತ್ಯಾಸ ಬರುತ್ತದೆ. ಅದು ಹಳೆಯ ಕಾಲದ ತಕ್ಕಡಿಗೂ ಆರಾಮಾಗಿ ಗೊತ್ತಾಗುವಷ್ಟು. ಗೆಲಿಲಿಯೋ 1586ರಲ್ಲಿ ಬರೆದ ಪುಟ್ಟ ಬರಹದಲ್ಲಿ ಇದನ್ನೇ ಹೇಳಿದ. ನೀರು ಚೆಲ್ಲಿಸಿ ಅಳೆಯುವುದು ಒರಟು ಕೆಲಸ, ಆರ್ಕಿಮಿಡೀಸ್ ತಕ್ಕಡಿಯನ್ನೇ ಬಳಸಿರಬೇಕು ಎಂದು ಅವನ ವಾದ.

ಮೊದಲು ಎಷ್ಟು ನಿಖರ ಬೇಕು ನೋಡಿಕೊಳ್ಳಿ

ಅಲ್ಯೂಮಿನಿಯಂ (2.70) ಮತ್ತು ಉಕ್ಕನ್ನು (7.85) ಬೇರೆ ಮಾಡಬೇಕಾದರೆ ಯಾವ ವಿಧಾನವಾದರೂ ನಡೆಯುತ್ತದೆ. ಹಿತ್ತಾಳೆಯೋ (8.4ರಿಂದ 8.7) ತಾಮ್ರವೋ (8.96) ಎಂದು ಹೇಳಬೇಕಾದರೆ ಶೇ. 1ರ ಮಟ್ಟಕ್ಕೆ ಇಳಿಯಬೇಕು. ನೀರಿಗೆ ಎಷ್ಟು ಆಲ್ಕೋಹಾಲ್ ಬೆರೆತಿದೆ ಎಂದು ತಿಳಿಯಬೇಕಾದರೆ ಶೇ. 0.1 ಸಾಲದು, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕಾಗುತ್ತದೆ. ಬೇಕಾದದ್ದಕ್ಕಿಂತ ಹತ್ತು ಪಟ್ಟು ನಿಖರವಾದ ಉಪಕರಣ ತಂದಿಟ್ಟುಕೊಂಡು, ನೀರಿನ ಉಷ್ಣತೆಯನ್ನೇ ನೋಡದೆ ಅಳೆಯುವವರು ತುಂಬ ಜನ ಇದ್ದಾರೆ. ಅದರಿಂದ ಏನೂ ಸಿಗುವುದಿಲ್ಲ.

ಈ ಸಂಖ್ಯೆಗಳೆಲ್ಲ ಒಂದು ಘನ ಸೆಂ.ಮೀ.ಗೆ ಎಷ್ಟು ಗ್ರಾಂ ಎಂಬ ಲೆಕ್ಕದಲ್ಲಿವೆ. ಮುಂದೆಯೂ ಹಾಗೆಯೇ.

ಗಟ್ಟಿ ವಸ್ತು: ಕ್ಯಾಲಿಪರ್ ಅಥವಾ ಜಾಡಿ

ವಸ್ತು ಚೌಕವಾಗಿಯೋ ಉರುಳೆಯಾಗಿಯೋ ಅಚ್ಚುಕಟ್ಟಾಗಿದ್ದರೆ ನೀರೇ ಬೇಡ. ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಗುಣಿಸಿದರೆ ಮುಗಿಯಿತು. ಆದರೆ ಗಾತ್ರ ದೊಡ್ಡದಿದ್ದಷ್ಟೂ ಒಳ್ಳೆಯದು. 0.05 ಮಿ.ಮೀ. ತಪ್ಪು ಬರುವ ಕ್ಯಾಲಿಪರ್‌ನಲ್ಲಿ 100 ಮಿ.ಮೀ. ಘನವನ್ನು ಅಳೆದರೆ ಗಾತ್ರದಲ್ಲಿ ಬರುವ ತಪ್ಪು ಹೆಚ್ಚೆಂದರೆ ಶೇ. 0.15. 20 ಮಿ.ಮೀ. ಘನವಾದರೆ ಅದೇ ಶೇ. 0.75 ಆಗುತ್ತದೆ. ಮೂರೂ ಬದಿಯ ತಪ್ಪು ಸೇರಿಕೊಳ್ಳುತ್ತದಲ್ಲ. ತೆಳ್ಳಗಿನ ತಂತಿಗಂತೂ ಈ ದಾರಿ ಬೇಡ.

ಅಂಕುಡೊಂಕು ವಸ್ತು ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಅಳತೆ ಜಾಡಿ. ನೀರು ಹಾಕು, ಮಟ್ಟ ನೋಡು, ವಸ್ತು ಬಿಡು, ಮತ್ತೆ ಮಟ್ಟ ನೋಡು. ಅರ್ಥವಾಗುವುದಕ್ಕೆ ಇದಕ್ಕಿಂತ ಸುಲಭದ್ದು ಇಲ್ಲ. ಅಳತೆಗೆ ಮಾತ್ರ ಅಷ್ಟಕ್ಕಷ್ಟೆ. 100 ಮಿ.ಲೀ. ಜಾಡಿಯಲ್ಲಿ ಒಳ್ಳೆಯ ದರ್ಜೆಯದಕ್ಕೂ ಅರ್ಧ ಮಿ.ಲೀ. ಆಚೀಚೆ ಇರುತ್ತದೆ. ವಸ್ತುವೇ 50 ಮಿ.ಲೀ. ಇದ್ದರೆ ಪರವಾಗಿಲ್ಲ. 5 ಮಿ.ಲೀ. ಇದ್ದರೆ ಶೇ. 10 ಹೋಯಿತು. ಸಾಧ್ಯವಾದಷ್ಟು ಕಿರಿದಾದ ಜಾಡಿ ಬಳಸಿ, ಒಂದೇ ಥರದ ಹತ್ತು ಮೊಳೆಗಳಿದ್ದರೆ ಹತ್ತನ್ನೂ ಒಟ್ಟಿಗೆ ಹಾಕಿ. ಆಗ ಈ ಜಾಡಿಯೂ ಮರ್ಯಾದಸ್ಥ ಉತ್ತರ ಕೊಡುತ್ತದೆ.

ಪಕ್ಕದಲ್ಲಿ ಮೂತಿ ಇರುವ, ತುಂಬಿ ಹರಿಯುವ ಡಬ್ಬವನ್ನು ಶಾಲೆಯಲ್ಲಿ ನೋಡಿರುತ್ತೀರಿ. ವಸ್ತು ಎಷ್ಟು ನೀರು ತಳ್ಳುತ್ತದೋ ಅಷ್ಟೇ ತೂಕ ಅದು ಕಳೆದುಕೊಳ್ಳುತ್ತದೆ ಎಂದು ತೋರಿಸಲು ಅದು ಚೆನ್ನ. ಅಳೆಯಲು ಬೇಡ. ಕೊನೆಯ ಎರಡು ಮೂರು ಹನಿ ಮೂತಿಯಲ್ಲೇ ನೇತಾಡುತ್ತಿರುತ್ತವೆ. ಅವು ಬೀಳುತ್ತವೋ ಇಲ್ಲವೋ ಅವುಗಳಿಗೇ ಗೊತ್ತು.

ನನ್ನ ಆಯ್ಕೆ: ತಕ್ಕಡಿಯ ಮೇಲೆ ಬೀಕರ್

ಡಿಜಿಟಲ್ ತಕ್ಕಡಿಯ ಮೇಲೆ ನೀರು ತುಂಬಿದ ಬೀಕರ್ ಇಡಿ. ಅಂಕಿಯನ್ನು ಸೊನ್ನೆ ಮಾಡಿ. ಈಗ ವಸ್ತುವನ್ನು ತೆಳುವಾದ ದಾರದಿಂದ ಕಟ್ಟಿ, ಮೇಲಿನಿಂದ ಇಳಿಬಿಟ್ಟು, ಪೂರ್ತಿ ಮುಳುಗುವಂತೆ ಹಿಡಿಯಿರಿ. ತಳಕ್ಕೂ ಗೋಡೆಗೂ ತಾಗಬಾರದು. ದಾರದ ಇನ್ನೊಂದು ತುದಿ ಒಂದು ಸ್ಟ್ಯಾಂಡಿಗೆ ಕಟ್ಟಿರಬೇಕು, ಆ ಸ್ಟ್ಯಾಂಡ್ ತಕ್ಕಡಿಯನ್ನು ಮುಟ್ಟಬಾರದು. ತಕ್ಕಡಿ ಒಂದು ಅಂಕಿ ತೋರಿಸುತ್ತದೆ. ಅದು ವಸ್ತುವಿನ ತೂಕವಲ್ಲ. ವಸ್ತು ಪಕ್ಕಕ್ಕೆ ತಳ್ಳಿದ ನೀರಿನ ತೂಕ.

ಯಾಕೆ? ನೀರು ವಸ್ತುವನ್ನು ಮೇಲಕ್ಕೆ ಎತ್ತುತ್ತದೆ. ಎಷ್ಟು ಬಲದಿಂದ ಎತ್ತುತ್ತದೋ ಅಷ್ಟೇ ಬಲದಿಂದ ವಸ್ತು ನೀರನ್ನು ಕೆಳಕ್ಕೆ ಒತ್ತುತ್ತದೆ. ಆ ಒತ್ತು ಬೀಕರ್ ಮೂಲಕ ತಕ್ಕಡಿಗೆ ಬರುತ್ತದೆ. ವಸ್ತುವಿನ ಉಳಿದ ಭಾರವನ್ನು ದಾರ ಹೊತ್ತಿರುತ್ತದೆ. ತೇಲುವ ಬಲವನ್ನೇ ನೇರವಾಗಿ ಅಳೆಯಬೇಕಿದ್ದವರಿಗೂ ಇದೇ ಸಾಕು. ತೋರಿದ ಗ್ರಾಂ ಅನ್ನು 0.00981ರಿಂದ ಗುಣಿಸಿದರೆ ನ್ಯೂಟನ್‌ನಲ್ಲಿ ಉತ್ತರ ಸಿಗುತ್ತದೆ.

ಒಂದು ಹಳದಿ ಬೋಲ್ಟ್ ಇದೆ ಎಂದಿಟ್ಟುಕೊಳ್ಳಿ. ತೂಕ 41.60 ಗ್ರಾಂ. ನೀರಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್. ಇಳಿಬಿಟ್ಟಾಗ ತಕ್ಕಡಿ ತೋರಿದ್ದು 4.89 ಗ್ರಾಂ. ಆ ಉಷ್ಣತೆಯಲ್ಲಿ ನೀರಿನ ಸಾಂದ್ರತೆ 0.9970. ಅಂದರೆ ಗಾತ್ರ 4.905 ಮಿ.ಲೀ., ಸಾಂದ್ರತೆ 8.48. ಅಂಕಿಯಲ್ಲಿ 0.02 ಗ್ರಾಂ ತಪ್ಪಿದರೂ ಉತ್ತರ 8.45 ಮತ್ತು 8.52ರ ನಡುವೆಯೇ ಇರುತ್ತದೆ. ಹಿತ್ತಾಳೆ, ಅನುಮಾನ ಬೇಡ. ಇದೇ ಬೋಲ್ಟನ್ನು 100 ಮಿ.ಲೀ. ಜಾಡಿಗೆ ಹಾಕಿದ್ದರೆ ನೀವು 4.5 ಎಂದೂ ಓದಬಹುದಿತ್ತು, 5.5 ಎಂದೂ ಓದಬಹುದಿತ್ತು. ಉತ್ತರ 7.6ರಿಂದ 9.2ರವರೆಗೆ ಎಲ್ಲಿಯಾದರೂ ಬೀಳಬಹುದು. ಉಕ್ಕು, ಹಿತ್ತಾಳೆ, ತಾಮ್ರ ಮೂರೂ ಅದರೊಳಗೆ ಬಂದುಬಿಡುತ್ತವೆ!

ಎಚ್ಚರ ವಹಿಸಬೇಕಾದ್ದು ಗುಳ್ಳೆಗಳ ಬಗ್ಗೆ. ಬೋಲ್ಟಿನ ತಿರುಪು ಸುತ್ತುಗಳ ಸಂದಿಯಲ್ಲಿ 4 ಮಿ.ಮೀ.ನ ಒಂದು ಗುಳ್ಳೆ ಅಂಟಿಕೊಂಡರೆ ಗಾತ್ರಕ್ಕೆ 0.03 ಮಿ.ಲೀ. ಸೇರಿದ ಹಾಗೆ. ಮೇಲಿನ ಬೋಲ್ಟಿಗೆ ಅದು ಶೇ. 0.7ರ ತಪ್ಪು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ವಸ್ತುವನ್ನು ಮೆಲ್ಲಗೆ ಅಲ್ಲಾಡಿಸಿ. ಕುದಿಸಿ ಆರಿಸಿದ ನೀರಾದರೆ ಇನ್ನೂ ಒಳ್ಳೆಯದು, ಕರಗಿದ ಗಾಳಿ ಹೋಗಿರುತ್ತದೆ. ದಾರ ನೀರು ಹೀರುವಂಥದ್ದಾಗಿರಬಾರದು. ನೈಲಾನ್ ಎಳೆ ಅಥವಾ ಸಣ್ಣ ತಂತಿ ಸಾಕು. ತಂತಿಯ ಸುತ್ತ ನೀರು ಹತ್ತಿ ನಿಲ್ಲುವುದರಿಂದಲೂ ಒಂದು ಚೂರು ಎಳೆತ ಬರುತ್ತದೆ. 0.2 ಮಿ.ಮೀ. ತಂತಿಗೆ ಅದು ಹೆಚ್ಚೆಂದರೆ 4.6 ಮಿಲಿಗ್ರಾಂ. 0.01 ಗ್ರಾಂ ತಕ್ಕಡಿಗೆ ಅದು ಕಾಣುವುದಿಲ್ಲ. ಮಿಲಿಗ್ರಾಂ ತಕ್ಕಡಿ ಇರುವವರು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದಕ್ಕೆ ಎದುರಾಳಿ ಅಂದರೆ ತಕ್ಕಡಿಯ ಅಡಿಯಲ್ಲಿರುವ ಕೊಕ್ಕೆಗೆ ವಸ್ತುವನ್ನು ಕಟ್ಟಿ, ಗಾಳಿಯಲ್ಲೊಮ್ಮೆ ನೀರಿನಲ್ಲೊಮ್ಮೆ ತೂಗುವುದು. ತತ್ವ ಅದೇ, ನಿಖರತೆಯೂ ಅಷ್ಟೇ. ಯಾವಾಗ ಯಾವುದು? ಬೀಕರ್ ವಿಧಾನದಲ್ಲಿ ತಕ್ಕಡಿ ನೀರಿನ ಭಾರವನ್ನೂ ಹೊರಬೇಕು. ದೊಡ್ಡ ವಸ್ತುವಾದರೆ ದೊಡ್ಡ ಬಕೆಟ್ ಬೇಕು, ಅದನ್ನು ಹೊರುವ ತಕ್ಕಡಿ 0.01 ಗ್ರಾಂ ತೋರಿಸುವುದಿಲ್ಲ. ಆಗ ಕೊಕ್ಕೆ ವಿಧಾನ ಗೆಲ್ಲುತ್ತದೆ, ಬಕೆಟ್ ನೆಲದ ಮೇಲಿರುತ್ತದೆ. ಆದರೆ ಸಣ್ಣ ತಕ್ಕಡಿಗಳಲ್ಲಿ ಹೆಚ್ಚಿನವಕ್ಕೆ ಅಡಿಯಲ್ಲಿ ಕೊಕ್ಕೆಯೇ ಇರುವುದಿಲ್ಲ. ಸ್ಪ್ರಿಂಗ್ ತಕ್ಕಡಿ ಬಳಸಬಹುದಲ್ವಾ ಅಂದರೆ, ಬಳಸಬಹುದು. 0.1 ನ್ಯೂಟನ್ ಗೆರೆಗಳಿರುವ ಸ್ಪ್ರಿಂಗ್ ಅಂದರೆ ಒಂದು ಗೆರೆಗೆ ಸುಮಾರು 10 ಗ್ರಾಂ. ಮೇಲಿನ ಬೋಲ್ಟ್ ಅದರಲ್ಲಿ ಕಾಣುವುದೂ ಕಷ್ಟ.

ತೇಲುವ ವಸ್ತು, ಕರಗುವ ವಸ್ತು, ಪುಡಿ

ತೇಲುವ ವಸ್ತುವಿಗೆ ಭಾರದ ಗುಂಡು ಕಟ್ಟಿ ಮುಳುಗಿಸಿ ಎಂದು ಪುಸ್ತಕಗಳು ಹೇಳುತ್ತವೆ. ಬೀಕರ್ ವಿಧಾನದಲ್ಲಿ ಅದರ ಅಗತ್ಯವೇ ಇಲ್ಲ. ಮರದ ತುಂಡನ್ನು ಸುಮ್ನೆ ತೇಲಲು ಬಿಡಿ. ತಕ್ಕಡಿ ಅದರ ತೂಕ ತೋರಿಸುತ್ತದೆ, ಉದಾಹರಣೆಗೆ 12.30 ಗ್ರಾಂ. ಈಗ ಒಂದು ತೆಳು ಸೂಜಿಯಿಂದ ಅದನ್ನು ಪೂರ್ತಿ ನೀರಿನೊಳಗೆ ಒತ್ತಿ ಹಿಡಿಯಿರಿ. ಅಂಕಿ 18.10ಕ್ಕೆ ಏರುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ನೀರಿನ ಸಾಂದ್ರತೆಯಿಂದ ಗುಣಿಸಿ: 0.68. ಎರಡೇ ಅಂಕಿಗಳಲ್ಲಿ ಕೆಲಸ ಮುಗಿಯಿತು. ಮರ ನೀರು ಕುಡಿಯುವ ಮೊದಲೇ ಮುಗಿಸಿ, ಅಷ್ಟೆ.

ಉಪ್ಪು, ಸಕ್ಕರೆಯಂಥವು ನೀರಿನಲ್ಲಿ ಕರಗುತ್ತವೆ. ಅವಕ್ಕೆ ಸೀಮೆಎಣ್ಣೆ ಅಥವಾ ಅಡುಗೆ ಎಣ್ಣೆ ಬಳಸಿ, ನೀರಿನ ಸಾಂದ್ರತೆಯ ಜಾಗಕ್ಕೆ ಆ ಎಣ್ಣೆಯದನ್ನು ಹಾಕಿ. ರಂಧ್ರಗಳಿರುವ ಇಟ್ಟಿಗೆ, ಪ್ಯೂಮಿಸ್ ಕಲ್ಲಿನಂಥವಕ್ಕೆ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ರಂಧ್ರ ಸೇರಿಸಿ ಬೇಕಾ, ಬಿಟ್ಟು ಬೇಕಾ? ಇವು ಎರಡು ಬೇರೆ ಬೇರೆ ಸಂಖ್ಯೆಗಳು. ಸೇರಿಸಿ ಬೇಕಾದರೆ ಮೇಲೆ ತೆಳುವಾಗಿ ಮೇಣ ಹಚ್ಚಿ ಮುಳುಗಿಸಬೇಕು, ಮೇಣದ ಗಾತ್ರವನ್ನು ಆಮೇಲೆ ಕಳೆಯಬೇಕು. ಬಿಟ್ಟು ಬೇಕಾದರೆ ಪ್ರಯೋಗಾಲಯಗಳಲ್ಲಿ ಹೀಲಿಯಂ ಅನಿಲದಿಂದ ಗಾತ್ರ ತಿಳಿಯುವ ಪಿಕ್ನೋಮೀಟರ್ ಎಂಬ ಉಪಕರಣ ಇರುತ್ತದೆ. ಹೀಲಿಯಂ ಸಣ್ಣ ಸಣ್ಣ ಸಂದಿಗೂ ನುಗ್ಗುತ್ತದೆ. ಗೊತ್ತಿರುವ ಜಾಗಕ್ಕೆ ಅನಿಲವನ್ನು ಬಿಟ್ಟಾಗ ಒತ್ತಡ ಎಷ್ಟು ಇಳಿಯಿತು ಎಂಬುದರಿಂದ ಗಾತ್ರ ಸಿಗುತ್ತದೆ. ಜಾಗ ಹೆಚ್ಚಿದಷ್ಟೂ ಅನಿಲದ ಒತ್ತಡ ಇಳಿಯುತ್ತದೆ ಎನ್ನುವ ಬಾಯ್ಲ್ ನಿಯಮ ಅಷ್ಟೆ. ಸಿಮೆಂಟಿನಂಥ ನಯವಾದ ಪುಡಿಗೂ ಇದೇ ಸರಿಯಾದ ದಾರಿ. ಮರಳಿನಂಥ ದಪ್ಪ ಕಣಗಳಿಗೆ ಸಾಂದ್ರತೆ ಬಾಟಲಿ ಸಾಕು. ಬಾಟಲಿಯೊಳಗೆ ಕಣ ಹಾಕಿ ನೀರು ತುಂಬಿದಾಗ ಎಷ್ಟು ನೀರು ಕಡಿಮೆ ಹಿಡಿಯಿತು ಎಂದು ತೂಗಿ ನೋಡುವುದು.

ದ್ರವಗಳಿಗೆ

ಸಿರಿಂಜಿನಲ್ಲಿ 10 ಮಿ.ಲೀ. ಎಳೆದು ತೂಗಿದರೆ ಅಂದಾಜು ಸಿಗುತ್ತದೆ, ಶೇ. 1ರಿಂದ 2 ತಪ್ಪು ಇರಲಿ ಎಂದು ಒಪ್ಪಿಕೊಂಡರೆ. ಎ ದರ್ಜೆಯ 10 ಮಿ.ಲೀ. ಗಾಜಿನ ಪಿಪೆಟ್‌ನಲ್ಲಿ ತಪ್ಪು 0.02 ಮಿ.ಲೀ.ಗೆ ಇಳಿಯುತ್ತದೆ, ಅಂದರೆ ಶೇ. 0.2. ಆದರೆ ಗಟ್ಟಿ ಎಣ್ಣೆ ಪಿಪೆಟ್‌ನ ಗೋಡೆಗೆ ಅಂಟಿಕೊಂಡು ಪೂರ್ತಿ ಹೊರಬರುವುದಿಲ್ಲ. ಅದಕ್ಕೆ ಬೇರೆ ದಾರಿ ನೋಡಿ.

ಹೈಡ್ರೋಮೀಟರ್ ಅಂದರೆ ದ್ರವದಲ್ಲಿ ನೆಟ್ಟಗೆ ತೇಲುವ, ಕಾಂಡದ ಮೇಲೆ ಗೆರೆಗಳಿರುವ ಗಾಜಿನ ಕೊಳವೆ. ಅದರ ಗುಣವೇ ಬೇರೆ. ತಕ್ಕಡಿ ಬೇಡ, ಲೆಕ್ಕ ಬೇಡ, ಕರೆಂಟ್ ಬೇಡ. ದ್ರವದೊಳಗೆ ಬಿಟ್ಟರೆ ಎಲ್ಲಿವರೆಗೆ ಮುಳುಗಿತೋ ಆ ಗೆರೆಯೇ ಉತ್ತರ. ಬ್ಯಾಟರಿ ಆಮ್ಲ, ಸಕ್ಕರೆ ಪಾಕ, ಹಾಲು, ಮದ್ಯ ಹೀಗೆ ಒಂದೇ ದ್ರವವನ್ನು ದಿನಾ ನೋಡಬೇಕಾದವರಿಗೆ ಇದಕ್ಕೆ ಸಮ ಇನ್ನೊಂದಿಲ್ಲ. ಕೊಳ್ಳುವಾಗ ಕಿರಿದಾದ ವ್ಯಾಪ್ತಿಯದನ್ನು ಆರಿಸಿ. 1.000ರಿಂದ 1.100ರವರೆಗಿನದರಲ್ಲಿ 0.001 ಅಥವಾ 0.002ಕ್ಕೊಂದು ಗೆರೆ ಸಿಗುತ್ತದೆ. ಎಲ್ಲ ದ್ರವಕ್ಕೂ ಆಗುತ್ತದೆ ಎನ್ನುವ ಅಗಲ ವ್ಯಾಪ್ತಿಯದರಲ್ಲಿ ಗೆರೆಗಳು ಕಿಕ್ಕಿರಿದು ಏನೂ ಓದಲಾಗುವುದಿಲ್ಲ. ಅಂದಹಾಗೆ, ಗೆರೆಗಳು ಸಮ ದೂರದಲ್ಲಿ ಇರುವುದಿಲ್ಲ, ಕೆಳಕ್ಕೆ ಹೋದಂತೆ ಹತ್ತಿರವಾಗುತ್ತವೆ. ಅದು ತಯಾರಿಕೆಯ ದೋಷವಲ್ಲ.

ಗೆರೆಯ ಮೇಲೆ ಏನು ಬರೆದಿದೆ ಎಂದೂ ನೋಡಿ. ಕೆಲವು ನೇರ ಸಾಂದ್ರತೆ ತೋರಿಸುತ್ತವೆ, ಕೆಲವು ಬ್ರಿಕ್ಸ್ (ಸಕ್ಕರೆ ಶೇಕಡಾ ಎಷ್ಟು ಎಂಬ ಮಾಪನ), ಕೆಲವು ಬೋಮೆ (ಸಾಂದ್ರತೆಯ ಇನ್ನೊಂದು ಹಳೆಯ ಮಾಪನ). ಪೆಟ್ರೋಲಿಯಂನವರ ಎಪಿಐ ಮಾಪನದಲ್ಲಿ ನೀರಿಗೆ 10, ಹಗುರವಾದಷ್ಟೂ ಸಂಖ್ಯೆ ದೊಡ್ಡದು. ಪೂರಾ ಉಲ್ಟಾ. ಹಾಗೆಯೇ ಎಷ್ಟು ಡಿಗ್ರಿಯಲ್ಲಿ ಓದಬೇಕು ಎಂದು ಕಾಂಡದ ಮೇಲೆ ಬರೆದಿರುತ್ತದೆ: 15, 15.6 ಅಥವಾ 20. ಬಿಟ್ಟ ಮೇಲೆ ಒಮ್ಮೆ ಮೆಲ್ಲಗೆ ತಿರುಗಿಸಿ, ಗುಳ್ಳೆ ಬಿಡುತ್ತದೆ. ತಿಳಿ ದ್ರವವಾದರೆ ಮಟ್ಟದ ಸಮಕ್ಕೆ ಕಣ್ಣಿಟ್ಟು, ಕಾಂಡಕ್ಕೆ ಹತ್ತಿದ ಅಂಚನ್ನು ಬಿಟ್ಟು, ಸಮತಟ್ಟಾದ ಮಟ್ಟವನ್ನು ಓದಿ. ಇದರ ಕೊರತೆ ಎರಡು: ಮಾದರಿ ಜಾಸ್ತಿ ಬೇಕು, ಸಾಮಾನ್ಯವಾಗಿ 100 ಮಿ.ಲೀ.ಗಿಂತ ಮೇಲೆ. ಗ್ಲಿಸರಿನ್‌ನಂಥ ಮಂದ ದ್ರವದಲ್ಲಿ ಅದು ನಿಲ್ಲುವುದೇ ನಿಧಾನ.

ಸಾಂದ್ರತೆ ಬಾಟಲಿ, ಅಂದರೆ ಪಿಕ್ನೋಮೀಟರ್, ತಾಳ್ಮೆಯವರ ಉಪಕರಣ. ಸೂಜಿಯಷ್ಟು ತೂತಿರುವ ಬಿರಡೆ ಹಾಕಿದಾಗ ಹೆಚ್ಚಿನ ದ್ರವ ಆ ತೂತಿನಿಂದ ಹೊರಬರುತ್ತದೆ. ಹೀಗಾಗಿ ಪ್ರತಿ ಸಲವೂ ಒಂದೇ ಗಾತ್ರ. ಬಾಟಲಿಯ ಮೇಲೆ 25 ಮಿ.ಲೀ. ಎಂದು ಕೆತ್ತಿದ್ದರೂ ಅದನ್ನು ನಂಬಬೇಡಿ. ಮೊದಲು ನೀರು ತುಂಬಿ ತೂಗಿ, ಆಮೇಲೆ ನಿಮ್ಮ ದ್ರವ. ದ್ರವದ ತೂಕವನ್ನು ನೀರಿನ ತೂಕದಿಂದ ಭಾಗಿಸಿ, ಆ ಉಷ್ಣತೆಯ ನೀರಿನ ಸಾಂದ್ರತೆಯಿಂದ ಗುಣಿಸಿದರೆ ಆಯಿತು. ಇಲ್ಲೂ ಗಾತ್ರವನ್ನು ತಕ್ಕಡಿಯೇ ಹೇಳಿತು ನೋಡಿ. ಮಿಲಿಗ್ರಾಂ ತಕ್ಕಡಿಯ ಜೊತೆಗೆ ಇದು ನಾಲ್ಕನೇ ದಶಮಾಂಶದ ಹತ್ತಿರ ಹೋಗುತ್ತದೆ. ಬಾಟಲಿಯ ಹೊಟ್ಟೆಯನ್ನು ಮಾತ್ರ ಕೈಯಲ್ಲಿ ಹಿಡಿಯಬೇಡಿ. ಅಂಗೈ ಬಿಸಿಗೆ ದ್ರವ ಹಿಗ್ಗಿ ಬಿರಡೆಯ ಮೇಲೆ ಹನಿಯಾಗಿ ಮೂಡುತ್ತದೆ, ಅದನ್ನು ಒರೆಸಿದಿರೋ ಅಳತೆ ಕೆಟ್ಟಿತು. ಕುತ್ತಿಗೆಯನ್ನು ಬಟ್ಟೆಯಿಂದ ಹಿಡಿದುಕೊಳ್ಳಿ.

ಬಾಟಲಿ ಇಲ್ಲದವರಿಗೆ ಮತ್ತೆ ಬೀಕರ್ ವಿಧಾನವೇ, ತಿರುಗುಮುರುಗಾಗಿ. ಒಂದು ಗಾಜಿನ ಗುಂಡು ಅಥವಾ ಸ್ಟೀಲಿನ ಗುಂಡನ್ನು ದಾರಕ್ಕೆ ಕಟ್ಟಿ. ಅದನ್ನು ನೀರಿನಲ್ಲಿ ಇಳಿಬಿಟ್ಟಾಗ 12.74 ಗ್ರಾಂ ಬಂತು, 25 ಡಿಗ್ರಿಯ ಎಣ್ಣೆಯಲ್ಲಿ 11.70 ಬಂತು ಎನ್ನಿ. 11.70 ಭಾಗ 12.74, ಗುಣಿಸು 0.9970. ಎಣ್ಣೆಯ ಸಾಂದ್ರತೆ 0.916. ಎಷ್ಟು ಎಣ್ಣೆ ಇದೆ ಎಂದು ಅಳೆಯಲೇ ಇಲ್ಲ. ದ್ರವ ಎಷ್ಟೇ ಮಂದವಾಗಿದ್ದರೂ ಗುಂಡು ನಿಶ್ಚಲವಾದ ಮೇಲೆ ಅಂಕಿ ಸರಿಯಾಗಿಯೇ ಇರುತ್ತದೆ. ಹಳೆಯ ಪ್ರಯೋಗಾಲಯಗಳ ವೆಸ್ಟ್‌ಫಾಲ್ ತಕ್ಕಡಿ ಮಾಡುತ್ತಿದ್ದದ್ದೂ ಇದೇ ಕೆಲಸ. ಮನೆಯಲ್ಲಿ ಗಟ್ಟಿ ವಸ್ತುವಿಗೂ ದ್ರವಕ್ಕೂ ಒಂದೇ ಸಾಮಾನು ಸಾಕು ಅನ್ನುವವರು ಒಳ್ಳೆಯ ತಕ್ಕಡಿ ಕೊಂಡರೆ ಸಾಕು, ಉಳಿದದ್ದೆಲ್ಲ ದಾರ ಮತ್ತು ಬೀಕರ್.

ಇನ್ನು ಡಿಜಿಟಲ್ ಮೀಟರ್. ಇದರಲ್ಲಿ ಯು ಆಕಾರದ ಸಣ್ಣ ಗಾಜಿನ ಕೊಳವೆ ನಡುಗುತ್ತಿರುತ್ತದೆ. ಒಳಗಿನ ದ್ರವ ಭಾರವಾದಷ್ಟೂ ನಡುಕ ನಿಧಾನ. ಆ ವೇಗದಿಂದ ಸಾಂದ್ರತೆ ತಿಳಿಯುತ್ತದೆ. ಆಸ್ಟ್ರಿಯಾದ ಗ್ರಾಜ್ ನಗರದ ಆಂಟನ್ ಪಾರ್ ಕಂಪನಿ 1967ರಲ್ಲಿ ಇಂಥ ಮೊದಲ ಮೀಟರ್ ತಂದಿತು. 1–2 ಮಿ.ಲೀ. ದ್ರವ ಸಾಕು, ಉಷ್ಣತೆಯನ್ನು ಅದೇ ಕಾಯ್ದುಕೊಳ್ಳುತ್ತದೆ, ಒಳ್ಳೆಯವು ಐದು ದಶಮಾಂಶ ತೋರಿಸುತ್ತವೆ. ದಿನಕ್ಕೆ ಹತ್ತಾರು ಮಾದರಿ ನೋಡಬೇಕಾದ ಕಾರ್ಖಾನೆಗೆ ಇದು ಸರಿ. ತಿಂಗಳಿಗೊಮ್ಮೆ ಅಳೆಯುವವರಿಗೆ ದುಂದು. ಕೊಳವೆಯೊಳಗೆ ಒಂದು ಗುಳ್ಳೆ ಸಿಕ್ಕಿಕೊಂಡರೆ ಐದೂ ದಶಮಾಂಶ ಸುಳ್ಳು.

ಉಷ್ಣತೆ ಮತ್ತು ಗಾಳಿ

ನೀರು 20 ಡಿಗ್ರಿಯಲ್ಲಿ 0.9982, 30 ಡಿಗ್ರಿಯಲ್ಲಿ 0.9957. ವ್ಯತ್ಯಾಸ ಶೇ. 0.25. ಶೇ. 1 ಸಾಕು ಅನ್ನುವವರು ನೀರನ್ನು 1 ಎಂದೇ ಹಿಡಿಯಬಹುದು. ಆದರೆ ಎಥನಾಲ್ 20 ಡಿಗ್ರಿಯಲ್ಲಿ 0.7893 ಇದ್ದದ್ದು 25ಕ್ಕೇ 0.785 ಆಗುತ್ತದೆ, ಅಂದರೆ ಐದೇ ಡಿಗ್ರಿಗೆ ಶೇ. 0.5. ಆಲ್ಕೋಹಾಲ್, ಎಣ್ಣೆಗಳಿಗೆ ಥರ್ಮಾಮೀಟರ್ ಇಲ್ಲದೆ ಮೂರನೇ ದಶಮಾಂಶ ಬರೆಯುವುದರಲ್ಲಿ ಅರ್ಥವಿಲ್ಲ. ಗಾಳಿಯೂ ವಸ್ತುಗಳನ್ನು ಎತ್ತುತ್ತದೆ. 1 ಕಿಲೋ ನೀರು ತಕ್ಕಡಿಯಲ್ಲಿ ಸುಮಾರು 1 ಗ್ರಾಂ ಕಡಿಮೆ ತೋರುತ್ತದೆ. ಶೇ. 0.1ಕ್ಕಿಂತ ಕೆಳಗೆ ಇಳಿಯುವ ತನಕ ಇದನ್ನು ಮರೆತುಬಿಡಿ.

ಅಳತೆಯೇ ಬೇಡ, ಬೇರೆ ಮಾಡಿದರೆ ಸಾಕು

ಕೆಲವು ಸಲ ಸಂಖ್ಯೆಯ ಹಂಗೇ ಬೇಕಿಲ್ಲ. ಪ್ಲಾಸ್ಟಿಕ್ ಚೂರುಗಳನ್ನು ವಿಂಗಡಿಸಬೇಕು ಅನ್ನಿ. ಪಾಲಿಥಿಲೀನ್, ಪಾಲಿಪ್ರೊಪಿಲೀನ್ ನೀರಿನ ಮೇಲೆ ತೇಲುತ್ತವೆ. ಪಾಲಿಸ್ಟೈರೀನ್ (1.05) ನೀರಿನಲ್ಲಿ ಮುಳುಗುತ್ತದೆ, ಕರಗುವಷ್ಟೂ ಉಪ್ಪು ಹಾಕಿದ ನೀರಿನಲ್ಲಿ (ಸುಮಾರು 1.20) ತೇಲುತ್ತದೆ. ಬಾಟಲಿಯ ಪಿಇಟಿ (1.38) ಎರಡರಲ್ಲೂ ತಳ ಸೇರುತ್ತದೆ. ಇದು ಗಟ್ಟಿ ಪ್ಲಾಸ್ಟಿಕ್‌ನ ಮಾತು, ಥರ್ಮೋಕೋಲಿನಂತೆ ಗಾಳಿ ತುಂಬಿದ್ದಕ್ಕೆ ಅಲ್ಲ. ಎರಡು ಬಕೆಟ್, ಒಂದಿಷ್ಟು ಉಪ್ಪು, ತಕ್ಕಡಿಯ ಸುದ್ದಿಯೇ ಇಲ್ಲ.

ಕೊನೆಗೆ, ಸಾಂದ್ರತೆಯಿಂದ ಉತ್ತರ ಸಿಗದ ಜಾಗವೂ ಇದೆ. ಚಿನ್ನ 19.3, ಟಂಗ್‌ಸ್ಟನ್ 19.25. ನಡುವಿನ ಅಂತರ ಶೇ. 0.3ಕ್ಕಿಂತ ಕಡಿಮೆ. ಒಳಗೆ ಟಂಗ್‌ಸ್ಟನ್ ತುಂಬಿದ ಗಟ್ಟಿಯನ್ನು ಬೀಕರಿಗೆ ಇಳಿಬಿಟ್ಟರೆ ಅದು ಚಿನ್ನ ಎಂದೇ ಹೇಳುತ್ತದೆ. ಬೆಳ್ಳಿ, ತಾಮ್ರದ ಕಲಬೆರಕೆಗೆ ನೀರಿನ ಪರೀಕ್ಷೆ ಸಾಕು. ಟಂಗ್‌ಸ್ಟನ್ ಅನುಮಾನ ಇದ್ದರೆ ಅಲ್ಟ್ರಾಸೌಂಡ್ ಪರೀಕ್ಷೆಗೇ ಹೋಗಬೇಕು. ಶಬ್ದ ಚಿನ್ನದಲ್ಲಿ ಸೆಕೆಂಡಿಗೆ ಸುಮಾರು 3,200 ಮೀಟರ್ ಓಡಿದರೆ ಟಂಗ್‌ಸ್ಟನ್‌ನಲ್ಲಿ 5,000 ಮೀಟರ್ ದಾಟುತ್ತದೆ. ಅಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.